ನೆಂಟರ ಪಠ್ಯ

ಕಿಟಕಿಯ ಎದುರಿನ ಮೇಜಿನ ಮೇಲೆ ಮಧ್ಯಾಹ್ನ ನಾಲ್ಕರ ಬೆಳಕು ಓರೆಯಾದ ಒಂದು ಚೌಕವಾಗಿ ಬಿದ್ದಿತ್ತು. ಆ ಚೌಕದೊಳಗೆ ತೆಳ್ಳನೆಯ ಪುಸ್ತಕವೊಂದು ಬೋರಲಾಗಿ ಮಲಗಿತ್ತು. ಮತ್ತೆ ಮತ್ತೆ ತೆರೆದು ಅದರ ಬೆನ್ನಿನ ಮೇಲೆ ಮೂರು ಬಿಳಿಯ ಗೆರೆಗಳು ಮೂಡಿದ್ದವು. ಪಕ್ಕದಲ್ಲಿ ಅಂಚು ಕೂಡಿಸಿ ಜೋಡಿಸಿದ ಗೆರೆಹಾಳೆಗಳು, ಅವು ಹಾರದಿರಲೆಂದು ಮೇಲಿಟ್ಟ ಗಾಜಿನ ಲೋಟ, ಲೋಟದಲ್ಲಿ ಅರ್ಧ ನೀರು. ನೀರನ್ನು ಹಾದುಹೋದ ಬೆಳಕು ಮೊದಲ ಹಾಳೆಯ ನಡುವಿನ ಎರಡು ಸಾಲುಗಳನ್ನಷ್ಟೇ ಹಿಗ್ಗಿಸಿ ತೋರಿಸುತ್ತಿತ್ತು. ಉಳಿದ ಸಾಲುಗಳು ತಮ್ಮ ಸರದಿಗೆ ಕಾದಂತೆ ಸಣ್ಣಗೆ, ಮಂಕಾಗಿ ಇದ್ದವು. ಮುಚ್ಚಳ ತೆಗೆದ ಕೆಂಪು ಪೆನ್ನು ಹಾಳೆಗಳ ಅಂಚಿಗೆ ಸಮನಾಗಿ ಮಲಗಿತ್ತು. ಮೇಜಿನ ಈಚೆಗೊಂದು ಕುರ್ಚಿ, ಆಚೆಗೊಂದು. ಆಚೆಯದು ಮೇಜಿನಿಂದ ಒಂದು ಗೇಣು ಹಿಂದಕ್ಕೆ ಸರಿದಿತ್ತು.

ಈ ನಿಶ್ಚಲತೆ ತಾನಾಗಿ ಬಂದದ್ದಲ್ಲ. ಮೂರು ಗಂಟೆಯಿಂದ ಮೇಷ್ಟ್ರು ಅದನ್ನು ಕಟ್ಟುತ್ತಿದ್ದರು. ಕುರ್ಚಿಯನ್ನು ಪೂರ್ತಿ ಒಳಗೆ ತಳ್ಳಿದರೆ ಯಾರೂ ಬರುವುದಿಲ್ಲವೆಂದು ಹೇಳಿದಂತಾಗುತ್ತದೆ, ತೀರಾ ಹೊರಗೆಳೆದರೆ ಬಾಯಿಬಿಟ್ಟು ಕರೆದಂತಾಗುತ್ತದೆ. ಯಾರೋ ಆಗಷ್ಟೇ ಎದ್ದುಹೋದ ಹಾಗಿರಬೇಕು. ಯಾರಿಗೋ ಕಾಯುತ್ತಿರುವ ಹಾಗೆ ಮಾತ್ರ ಕಾಣಬಾರದು. ಮೂವತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ನಿವೃತ್ತರಾಗಿ ಹದಿನಾಲ್ಕು ವರ್ಷ ಕಳೆದಿದ್ದ ಅವರು ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ತಮ್ಮ ಕೈಕೆಲಸವನ್ನು ದೂರದಿಂದ ನೋಡುತ್ತಿದ್ದರು. ಹುಡುಗಿ ಬರಬೇಕಾದ ಹೊತ್ತು ಕಳೆದು ಮುಕ್ಕಾಲು ಗಂಟೆಯಾಗಿತ್ತು. ಕೆಳಗಿನ ಅಂಗಡಿಯಿಂದ ಹೊಲಿಗೆಯಂತ್ರದ ಸದ್ದು ಎಂದಿನಂತೆ ಕೇಳಿಸುತ್ತಿತ್ತು, ಅಂದರೆ ಅವಳ ತಾಯಿ ಅಂಗಡಿಯಲ್ಲೇ ಇದ್ದಳು, ಅಂದರೆ ಏನೂ ಅನಾಹುತವಾಗಿರಲಿಲ್ಲ, ಅಂದರೆ ಅವಳು ಬೇಕೆಂದೇ ತಡಮಾಡುತ್ತಿದ್ದಳು. ಒಂದರ ಹಿಂದೊಂದು ಬರುವ ಈ 'ಅಂದರೆ'ಗಳು ಮುಪ್ಪಿನ ಹೊಸ ಚಟವೆಂದು ಅವರಿಗೆ ಗೊತ್ತಿತ್ತು. ಎರಡು ಮಹಡಿ ಮೆಟ್ಟಿಲು ಹತ್ತಿ ಈ ಮನೆಗೆ ಬರುವವಳು ಅವಳೊಬ್ಬಳೇ ಎಂಬುದೂ, ಅವಳೂ ಬರುವುದನ್ನು ನಿಲ್ಲಿಸಿದರೆ ವಾರದ ಏಳು ದಿನಗಳಿಗೆ ಬೇರೆ ಬೇರೆ ಹೆಸರಿರುವ ಅಗತ್ಯವೇ ಇರುವುದಿಲ್ಲವೆಂಬುದೂ ಗೊತ್ತಿತ್ತು. ಗೊತ್ತಿದ್ದೂ ಅವರು ಕಳೆದ ವಾರ ಅವಳು ಬಾರದಂತಾಗುವ ಕೆಲಸ ಮಾಡಿದ್ದರು.

ಹುಡುಗಿಗೆ ಹದಿನಾರು. ಕೆಳಗಿನ ಟೈಲರಮ್ಮನ ಒಬ್ಬಳೇ ಮಗಳು. ಹೇಳಿದ್ದಕ್ಕೆಲ್ಲ 'ಯಾಕೆ' ಎನ್ನುತ್ತಾಳೆಂದು ತಾಯಿ ಅವಳನ್ನು 'ವಕೀಲಮ್ಮ' ಎಂದು ಕರೆಯುತ್ತಿದ್ದಳು. ಮೇಷ್ಟ್ರಿಗೂ ಅದೇ ರೂಢಿಯಾಗಿತ್ತು. ಎಂಟು ತಿಂಗಳ ಹಿಂದೆ ತಾಯಿ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಮೇಲೆ ಬಂದು, ಮಗಳಿಗೆ ಬೇರೆಲ್ಲ ವಿಷಯ ಸಲೀಸಾಗಿದೆ, ಇಂಗ್ಲಿಷ್ ಪ್ರಬಂಧವೊಂದೇ ಗಂಟಲ ಮುಳ್ಳಾಗಿದೆ, ಮೇಷ್ಟ್ರು ಒಂದಿಷ್ಟು ಕಣ್ಣು ಹಾಯಿಸಿದರೆ ಪುಣ್ಯ ಬರುತ್ತದೆ ಎಂದು ಕೇಳಿಕೊಂಡಿದ್ದಳು. ಪ್ರಬಂಧಕ್ಕೊಂದು ಚೌಕಟ್ಟಿತ್ತು. ವಸ್ತುವನ್ನು ಮೇಲಿನವರು ಕೊಡುತ್ತಾರೆ. ಈ ವರ್ಷದ್ದು 'ಕಳೆದುಕೊಳ್ಳುವುದು'. ಆ ವಸ್ತುವಿಗೆ ಓದಲೇಬೇಕಾದ ಪುಸ್ತಕವನ್ನೂ ಅವರೇ ಗೊತ್ತುಮಾಡುತ್ತಾರೆ. ಅದು ನಿಗದಿತ ಪಠ್ಯ. ನದಿಗೆ ಸೇತುವೆಯಾದ ಮೇಲೂ ದಿನಾ ಖಾಲಿ ದೋಣಿಯನ್ನು ಆಚೆ ದಡಕ್ಕೆ ಹುಟ್ಟು ಹಾಕಿಕೊಂಡು ಹೋಗುವ ಮುದುಕಿಯೊಬ್ಬಳ ಕಿರುಕಾದಂಬರಿ. ಅದರ ಜೊತೆಗೆ ಅದೇ ವಸ್ತುವನ್ನಾಡುವ ಇನ್ನೊಂದು ಬರಹವನ್ನು ವಿದ್ಯಾರ್ಥಿಯೇ ಹುಡುಕಿ ತರಬೇಕು. ಅದು ಸಂಬಂಧಿತ ಪಠ್ಯ. ಎರಡನ್ನೂ ಒಂದೇ ಪ್ರಬಂಧದಲ್ಲಿ ಹೆಣೆದು, 'ಹಾಗೆಯೇ', 'ಇದಕ್ಕೆ ವ್ಯತಿರಿಕ್ತವಾಗಿ' ಎಂಬ ಗುಂಡಿಗಳನ್ನು ಹಾಕಿ ಮುಗಿಸಬೇಕು. ಇದೆಲ್ಲವನ್ನು ಮೊದಲ ದಿನ ಮೇಷ್ಟ್ರು ಗಂಭೀರವಾಗಿ ವಿವರಿಸಿದಾಗ ಹುಡುಗಿ ಪೆನ್ನು ಕಚ್ಚುತ್ತ ಕೇಳಿಸಿಕೊಂಡು, "ಹಾಗಾದ್ರೆ ಇದು ನೆಂಟರ ಪಠ್ಯ ಅನ್ನಿ. ಕರೆದ್ರೆ ಬರುತ್ತೆ, ಬಂದ್ಮೇಲೆ ಹೋಗಲ್ಲ" ಎಂದಿದ್ದಳು. ಆರು ವರ್ಷಗಳಲ್ಲಿ ಆ ಕೋಣೆಯೊಳಗೆ ಯಾರಾದರೂ ನಕ್ಕದ್ದು ಅದೇ ಮೊದಲು. ನಕ್ಕವರು ಯಾರೆಂದು ಮೇಷ್ಟ್ರು ಒಂದು ಕ್ಷಣ ಸುತ್ತ ನೋಡಿದ್ದರು.

ನಿಗದಿತ ಪಠ್ಯ ಮುಗಿದು ನೆಂಟರ ಪಠ್ಯದ ಸರದಿ ಬಂದಾಗ ಅವರು ಕೊಡಬಹುದಾದ ಕವಿತೆಗಳು ನೂರಿದ್ದವು. ಜೀವಮಾನವಿಡೀ ಓದಿದ್ದೇ ಅದು. ಹೊಸ ಕಾವ್ಯದ ಮುರಿದ ಸಾಲುಗಳನ್ನು ಬಸ್ಸಿಗೆ ಕಾಯುವಾಗ, ಪರೀಕ್ಷೆಯ ಕೊಠಡಿಯಲ್ಲಿ ಕಾವಲು ಕಾಯುವಾಗ, ಹೆಂಡತಿ ಅಂಗಡಿಯಲ್ಲಿ ಬಟ್ಟೆ ಆರಿಸುವಾಗ ತುಟಿಯೊಳಗೇ ಗುನುಗಿದವರು. ಆದರೆ ಅವತ್ತು ಅವರ ಕೈ ಮೇಜಿನ ಖಾನೆಯ ತಳದಿಂದ ಒಂದು ಹಾಳೆಯನ್ನು ಎಳೆದು ಹುಡುಗಿಯ ಮುಂದಿಟ್ಟಿತು. ಇಂಗ್ಲಿಷಿನ ಹದಿನೆಂಟು ಸಾಲು, ಅವರದೇ ಅಕ್ಷರ. ಯಾರದಿದು ಎಂದು ಅವಳು ಕೇಳಿದಳು. ಹಳೆಯದು, ಎಲ್ಲೋ ಓದಿ ನಕಲು ಮಾಡಿಕೊಂಡದ್ದು, ಕವಿಯ ಹೆಸರು ಮರೆತಿದೆ, ಹೆಸರಿನ ಜಾಗದಲ್ಲಿ 'ಅಜ್ಞಾತ' ಎಂದು ಬರೆದುಕೋ ಎಂದರು. ಮೂವತ್ತಾರು ವರ್ಷಗಳಲ್ಲಿ ಆ ಕವಿತೆಗೆ ಸಿಕ್ಕ ಮೊದಲ ಓದುಗಾರ್ತಿ ಎದುರಿಗೆ ಕೂತು, ಬೆರಳಿನಿಂದ ಸಾಲು ಹಿಡಿದು ಓದುತ್ತಿದ್ದಳು. ಅವರು ಏಳು ಬಾರಿ ಕನ್ನಡಕ ಒರೆಸಿದರು.

ಕವಿತೆ ಸತ್ತ ಹೆಂಡತಿಯ ಮೇಲೆ ಗಂಡ ಬರೆದದ್ದು. ಬಾಚಣಿಗೆಯಲ್ಲಿ ಉಳಿದ ಕೂದಲ ಎಳೆ, ಬಟ್ಟಲಿನ ಅಂಚಿನ ತುಟಿಗುರುತು, ಮುಚ್ಚಿದ ಕಿಟಕಿಗೆ ಬಂದು ಬಡಿಯುವ ಹಕ್ಕಿ. ಕೊನೆಗೆ, 'ಅವಳು ಬಿಟ್ಟುಹೋದ ಮೌನ, ಅವಳ ಅಳತೆಗೇ ಹೊಲಿದದ್ದು' ಎಂಬ ಸಾಲು. ಆ ಸಾಲಿನ ನಡುವಿನ ಕಾಮಾ ಮೇಷ್ಟ್ರ ಸ್ವಂತ ಆಸ್ತಿ. ಉದ್ದನೆಯ ಕರ್ತೃಪದ ಮುಗಿದು ಕ್ರಿಯಾಪದ ಬರುವ ಮುನ್ನ ಇಂಗ್ಲಿಷಿನಲ್ಲಿ ಕಾಮಾ ಹಾಕಬಾರದೆಂದು ಎಲ್ಲ ವ್ಯಾಕರಣಗಳೂ ಹೇಳುತ್ತವೆ. ಆದರೆ ಅಲ್ಲಿ ಉಸಿರು ನಿಲ್ಲುತ್ತದಲ್ಲ ಎಂಬುದು ಮೇಷ್ಟ್ರ ವಾದ. ವ್ಯಾಕರಣ ಬರೆದವರಿಗೆ ಶ್ವಾಸಕೋಶ ಇರಲಿಲ್ಲವೇ ಎಂದು ಅವರು ಮೂವತ್ತೆಂಟು ವರ್ಷ ಕೇಳುತ್ತಲೇ ಬಂದರು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಕರಿಹಲಗೆಯ ಮೇಲಿನ ಆ ಕಾಮಾವನ್ನು ಎಲ್ಲ ಮಕ್ಕಳ ಎದುರಿಗೆ ಕೈಯಿಂದ ಒರೆಸಿ, ಬೆರಳಿನ ಸೀಮೆಸುಣ್ಣವನ್ನು ಮೇಷ್ಟ್ರ ಮೇಜಿನ ಅಂಚಿಗೆ ಸವರಿ ಹೋಗಿದ್ದರು. ಮಾರನೆಯ ದಿನದಿಂದ ಅವರು ಕಾಮಾ ಮೇಷ್ಟ್ರು. ಹೆಸರು ತರಗತಿಯಿಂದ ತರಗತಿಗೆ, ಅಣ್ಣನಿಂದ ತಮ್ಮನಿಗೆ, ಪುಸ್ತಕದ ಜೊತೆಗೇ ದಾಟಿತು. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಹುಡುಗಿ ಒಂದು ವಾರದ ನಂತರ ಪ್ರಬಂಧ ಬರೆದು ತಂದಳು. ದೋಣಿಯ ಮುದುಕಿಯ ಭಾಗ ಚೆನ್ನಾಗಿತ್ತು. ಕವಿತೆಯ ಭಾಗಕ್ಕೆ ಬಂದಾಗ ಮೇಷ್ಟ್ರ ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತು. ಅವಳು ಬರೆದಿದ್ದಳು: ನನ್ನ ತಾಯಿ ಟೈಲರ್. ಅಳತೆ ತೆಗೆಯಬೇಕಾದರೆ ಆಳು ಎದುರಿಗೆ ನಿಂತಿರಬೇಕು. ಈ ಕವಿತೆಯ ಹೆಂಗಸಿನ ಅಳತೆ ತುಂಬ ಸರಿಯಾಗಿದೆ, ಆದ್ದರಿಂದ ಇದನ್ನು ಬರೆಯುವಾಗ ಅವಳು ಬದುಕಿದ್ದಳು. ಈ ಕವಿ ಯಾರನ್ನೂ ಕಳೆದುಕೊಂಡಿಲ್ಲ. ಕಳೆದುಕೊಂಡವರಿಗೆ ಇಷ್ಟೊಂದು ಸುಂದರವಾದ ವಸ್ತುಗಳು ಸಿಗುವುದಿಲ್ಲ. ನನ್ನ ತಂದೆ ತೀರಿಕೊಂಡ ಮೇಲೆ ಮೂರು ತಿಂಗಳು ಅವರ ಫೋನಿಗೆ ಹಲ್ಲಿನ ಆಸ್ಪತ್ರೆಯಿಂದ ತಪಾಸಣೆಗೆ ಬನ್ನಿ ಎಂಬ ಸಂದೇಶ ಬರುತ್ತಿತ್ತು. ಅವರು ಗೊರಕೆ ಹೊಡೆಯುತ್ತಿದ್ದರು. ಅವರು ಹೋದ ಮೊದಲ ರಾತ್ರಿ ನನ್ನ ತಾಯಿಗೆ ಒಳ್ಳೆಯ ನಿದ್ದೆ ಬಂತು. ಬೆಳಿಗ್ಗೆ ಎದ್ದು ಅದಕ್ಕಾಗಿ ಅತ್ತಳು.

ಮೇಷ್ಟ್ರು ಆ ಭಾಗವನ್ನು ಎರಡು ಸಲ ಓದಿದರು. ಹುಡುಗಿ ಎದುರಿಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಉದುರಿದ ಪುಡಿಯನ್ನು ತೋರುಬೆರಳಿಗೆ ಅಂಟಿಸಿಕೊಂಡು ಬಾಯಿಗಿಡುತ್ತಿದ್ದಳು. ಅವರು ಹೇಳಬಹುದಾಗಿದ್ದ ಮಾತು ಒಂದೇ, ಇದು ಸರಿಯಾಗಿದೆ ಎಂದು. ಬದಲಿಗೆ, ಪರೀಕ್ಷಕರಿಗೆ ಇಂಥದು ಹಿಡಿಸುವುದಿಲ್ಲ, ಮನೆಯ ವಿಚಾರ ಪ್ರಬಂಧಕ್ಕೆ ಒಗ್ಗದು, ಕವಿಯ ಪ್ರಾಮಾಣಿಕತೆಯನ್ನು ಶಂಕಿಸುವುದು ವಿಮರ್ಶೆಯ ಮರ್ಯಾದೆಯಲ್ಲ ಎಂದೆಲ್ಲ ಹೇಳಿ, ಇಡೀ ಭಾಗದ ಮೇಲೆ ಕೆಂಪು ಗೆರೆ ಎಳೆದರು. ಗೆರೆ ನೆಟ್ಟಗಿತ್ತು, ಅಡಿಪಟ್ಟಿ ಇಟ್ಟೇ ಎಳೆದಿದ್ದರು. ಆಮೇಲೆ ಬೇರೊಂದು ಹಾಳೆಯಲ್ಲಿ, ಈ ಅಜ್ಞಾತ ಕವಿಯ ಶೋಕವು ವೈಯಕ್ತಿಕವಾಗಿದ್ದೂ ಸಾರ್ವತ್ರಿಕವಾದುದು ಎಂದು ಆರಂಭಿಸಿ ಹನ್ನೊಂದು ವಾಕ್ಯಗಳನ್ನು ತಾವೇ ಬರೆದುಕೊಟ್ಟರು. ಬರೆಯುತ್ತ ಬರೆಯುತ್ತ ಅವರ ಕಿವಿ ಬೆಚ್ಚಗಾಯಿತು. ಯಾರೂ ತಮ್ಮ ಬಗ್ಗೆ ಎಂದೂ ಬರೆಯದ ಮಾತುಗಳನ್ನು ಅವರು ಹದಿನಾರು ವರ್ಷದ ಹುಡುಗಿಯೊಬ್ಬಳ ಹೆಸರಿನಲ್ಲಿ ತಮಗೆ ತಾವೇ ಬರೆದುಕೊಳ್ಳುತ್ತಿದ್ದರು. ಹುಡುಗಿ ತಲೆ ಓರೆಮಾಡಿ ಅವರ ಅಕ್ಷರಗಳನ್ನು ತಲೆಕೆಳಗಾಗಿ ಓದುತ್ತಿದ್ದಳು. ಆ ದಿನ ಮೊದಲ ಬಾರಿಗೆ ಅವಳು 'ಯಾಕೆ' ಎನ್ನಲಿಲ್ಲ.

ಕವಿತೆ ಅಚ್ಚಾದದ್ದು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ, ಅವರಿಗೆ ಮೂವತ್ತಾರಾಗಿದ್ದಾಗ. ಹೆಂಡತಿ ಆಗ ಪಕ್ಕದ ಕೋಣೆಯಲ್ಲಿ ಹಲ್ಲುಜ್ಜುತ್ತಲೋ, ಹಾಡುತ್ತಲೋ, ಅವರ ಅಂಗಿಯ ಜೇಬಿನಿಂದ ಸೀಮೆಸುಣ್ಣದ ತುಂಡುಗಳನ್ನು ತೆಗೆದು ಬೈಯುತ್ತಲೋ ಇದ್ದಳು. ಮೂವತ್ತಾರರ ಗಂಡಸಿಗೆ ಕವಿಯಾಗಲು ದುಃಖವೊಂದು ಬೇಕಾಗಿತ್ತು. ಹತ್ತಿರದಲ್ಲಿ ಇನ್ನಾವುದೂ ಇರಲಿಲ್ಲ, ಅವಳಿದ್ದಳು. ಮೇಜಿನ ಮುಂದೆ ಕೂತು ಅವರು ಅವಳನ್ನು ನಾಲ್ಕು ದಿನ ನಿಧಾನವಾಗಿ ಸಾಯಿಸಿದರು. ನಾಲ್ಕನೆಯ ದಿನ ಕಣ್ಣಲ್ಲಿ ನೀರು ಬಂತು. ಅಡುಗೆಮನೆಯಿಂದ ಬಂದ ಅವಳು ನೋಡಿ ಕಣ್ಣಿಗೇನು ಬಿತ್ತೆಂದು ಸೆರಗಿನ ತುದಿಗೆ ಉಫ್ ಎಂದು ಊದಿ ಶಾಖ ಕೊಟ್ಟಳು. ಸಂಚಿಕೆ ಬಂದಾಗ, ಇಂಗ್ಲಿಷ್ ಓದಲು ಬಾರದ ಅವಳು, ಗಂಡನ ಹೆಸರು ಅಚ್ಚಾದ ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು, ಏನಿದೆ ಇದರಲ್ಲಿ ಎಂದು ಕೇಳಿದಳು. ಮಳೆಯ ಬಗ್ಗೆ ಎಂದರು ಮೇಷ್ಟ್ರು. ಎಷ್ಟು ಸಲೀಸಾಗಿ ಬಂದುಬಿಟ್ಟಿತ್ತು ಆ ಮಾತು. ಅವಳು, ಮಳೆ ಅಂದ್ರೆ ನಿಮಗೆ ಶೀತ ಆಗುತ್ತಲ್ಲ, ಎಂದು ಹೇಳಿ ಸಂಚಿಕೆಯನ್ನು ಬೀರುವಿನಲ್ಲಿ ಸೀರೆಗಳ ಅಡಿ ಇಟ್ಟಳು.

ಮತ್ತೆ, ಮೂವತ್ತು ವರ್ಷದ ನಂತರ, ಆಸ್ಪತ್ರೆಯಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅವಳು ನಿಜವಾಗಿ ಹೋದಾಗ ಅವರು ಮಂಚದ ಬದಿಯಲ್ಲಿ ನಿಂತಿದ್ದರು. ನರ್ಸ್ ಹೊದಿಕೆ ಎಳೆದಳು. ಅಳು ಬರಬೇಕಿದ್ದ ಜಾಗದಲ್ಲಿ ಒಂದು ಸಾಲು ಬಂತು: ಅವಳು ಬಿಟ್ಟುಹೋದ ಮೌನ, ಅವಳ ಅಳತೆಗೇ ಹೊಲಿದದ್ದು. ಸಾಲು ಬಂದು ನಿಂತಿತು. ಅವರು ಅದನ್ನು ಒಳಗೇ ಓದಿದರು. ಆ ಕಾಮಾ ಅಲ್ಲಿರಬೇಕೇ ಎಂದು ಯೋಚಿಸಿದರು. ಅಧಿಕಾರಿ ಹೇಳಿದ್ದೇ ಸರಿಯಿರಬಹುದು. ಕಾಮಾ ತೆಗೆದರೆ ಮೌನಕ್ಕೂ ಅಳತೆಗೂ ನಡುವೆ ಸಂದು ಇರುವುದಿಲ್ಲ, ಸಾಲು ಬಿಗಿಯಾಗುತ್ತದೆ. ಹಾಗೆ ಎಷ್ಟು ಹೊತ್ತು ನಿಂತಿದ್ದರೋ. ನರ್ಸ್ ಮೊಣಕೈ ಮುಟ್ಟಿ, ಇಲ್ಲೊಂದು ಸಹಿ ಬೇಕು ಎಂದಾಗ ಅವರು ಕಾಮಾವನ್ನು ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದಿದ್ದರು. ಅವಳಿಗಾಗಿ ಇಟ್ಟಿದ್ದ ಅಳುವನ್ನು ಮೂವತ್ತು ವರ್ಷ ಮೊದಲೇ ಖರ್ಚು ಮಾಡಿದ್ದರು. ಆ ಮೇಲೆ ಆರು ವರ್ಷಗಳಲ್ಲಿ ಅವರು ಒಂದು ಸಾಲನ್ನೂ ಬರೆಯಲಿಲ್ಲ. ಬಾಚಣಿಗೆಯಲ್ಲಿ ಕೂದಲು ಸಿಕ್ಕಾಗ ತೆಗೆದು ಕಸದ ಬುಟ್ಟಿಗೆ ಹಾಕಿದರು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬ್ಯಾಗನ್ನು ಎಂದಿನಂತೆ ನೆಲಕ್ಕೆ ಬಿಡದೆ ಹೆಗಲಲ್ಲೇ ಇಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕೂತಳು. ಮೇಷ್ಟ್ರು ಚಹಾ ಬೇಕೇ ಎಂದರು, ಬೇಡವೆಂದಳು. ಬಿಸ್ಕತ್ತೂ ಬೇಡವೆಂದಳು. ಆಮೇಲೆ ಬ್ಯಾಗಿನ ಹೊರಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಚೀಟಿ ತೆಗೆದು, ಲೋಟವನ್ನು ಪಕ್ಕಕ್ಕೆ ಸರಿಸಿ, ಹಾಳೆಗಳ ಮೇಲೆ ಬಿಡಿಸಿಟ್ಟಳು.

ಚೀಟಿ ಶಾಲೆಯ ಇಂಗ್ಲಿಷ್ ಟೀಚರಿನದು. ಈ ವರ್ಷವಷ್ಟೇ ಕೆಲಸಕ್ಕೆ ಸೇರಿದ, ಮೇಷ್ಟ್ರು ನೋಡಿರದ ಚಿಕ್ಕ ವಯಸ್ಸಿನ ಹೆಂಗಸು. ಹಸಿರು ಶಾಯಿಯಲ್ಲಿ, ಒಂದು ಮಾತೂ ಹೆಚ್ಚಿಲ್ಲದೆ ಬರೆದಿದ್ದಳು. ವಿದ್ಯಾರ್ಥಿನಿ ಸಂಬಂಧಿತ ಪಠ್ಯವೆಂದು ಲಗತ್ತಿಸಿರುವ ಕವಿತೆ ಎಲ್ಲಿಯೂ ಪ್ರಕಟವಾದಂತೆ ಕಾಣುವುದಿಲ್ಲ. ಕವಿತೆಯಲ್ಲಿ ಕರ್ತೃಪದದ ನಂತರ ನಾಲ್ಕು ಕಡೆ ತಪ್ಪು ಕಾಮಾ ಇದೆ. ಕವಿತೆಯನ್ನು ಕುರಿತ ಪ್ಯಾರಾದಲ್ಲಿ ಅದೇ ತಪ್ಪು ಆರು ಕಡೆ ಇದೆ. ಪ್ರಬಂಧದ ಬೇರೆಲ್ಲೂ ಇಲ್ಲ. ಆದ್ದರಿಂದ ಎರಡನ್ನೂ ಬರೆದವರು ಒಬ್ಬರೇ. ವಿದ್ಯಾರ್ಥಿನಿಯು ಕವಿತೆಯನ್ನು ತಾನೇ ಕಟ್ಟಿ ಪ್ರಕಟಿತ ಕೃತಿಯೆಂದು ತೋರಿಸಿದ್ದಾಳೆ. ಎರಡು ದಿನದೊಳಗೆ ಮೂಲವನ್ನು ತೋರಿಸದಿದ್ದರೆ ಪ್ರಬಂಧಕ್ಕೆ ಸೊನ್ನೆ.

ಮೇಷ್ಟ್ರು ಚೀಟಿಯನ್ನು ಕೈಗೆತ್ತಿಕೊಳ್ಳದೆ, ಬಾಗಿ ಓದಿದರು. ಆ ಪ್ರಬಂಧದ ಅಂಕ ವರ್ಷದ ಕೊನೆಯ ಫಲಿತಾಂಶಕ್ಕೆ ಕೂಡುತ್ತದೆಂದು ಅವರಿಗೆ ಗೊತ್ತಿತ್ತು. ಒಬ್ಬರೇ ಬರೆದದ್ದೆಂಬುದನ್ನು ಆ ಟೀಚರ್ ಎಷ್ಟು ಸರಿಯಾಗಿ ಹಿಡಿದಿದ್ದಳು, ಎಷ್ಟು ತಪ್ಪಾಗಿ. ಒಳ್ಳೆಯ ಶಿಷ್ಯೆಯೆಂದು ತಾವು ಆ ಟೀಚರ ಬೆನ್ನು ತಟ್ಟಬಹುದಾಗಿತ್ತು ಎಂಬ ವಿಚಿತ್ರ ಯೋಚನೆ ಬಂದುಹೋಯಿತು. ಟೀಚರ್ ಮತ್ತೇನಾದರೂ ಅಂದರೇ ಎಂದು ಕೇಳಿದರು.

ಹುಡುಗಿ ಕಿಟಕಿಯ ಕಡೆ ನೋಡಿದಳು. "ಪದ್ಯ ಚೆನ್ನಾಗಿದೆ ಅಂದ್ರು. ಹದಿನಾರು ವರ್ಷದವರು ಸಾವಿನ ಬಗ್ಗೆ ಹೀಗೇ ಬರೀತಾರಂತೆ. ಇನ್ನೊಂದು ಹತ್ತು ವರ್ಷ ಆದ್ಮೇಲೆ ನನಗೇ ಓದಿ ನಗು ಬರುತ್ತಂತೆ."

ಮೇಷ್ಟ್ರು ತಲೆಯಾಡಿಸಿದರು. ತಲೆ ತಾನಾಗಿಯೇ ಆಡಿತು, ನಿಲ್ಲಿಸುವವರೆಗೂ ಆಡುತ್ತಿತ್ತು. ಬೆರಳಿನ ಸುಣ್ಣವನ್ನು ಮೇಜಿನ ಅಂಚಿಗೆ ಸವರಿದ ಅಧಿಕಾರಿಯ ಮುಖ ನೆನಪಾಗಲಿಲ್ಲ, ಆ ಸುಣ್ಣದ ಗೀರು ಮಾತ್ರ ಕಣ್ಣಿಗೆ ಕಟ್ಟಿತು. ಮೂಲ ಇದೆ, ತರುತ್ತೇನೆ ಎಂದು ಹೇಳಿ ಒಳಕೋಣೆಗೆ ನಡೆದರು.

ಬೀರುವಿನ ಕೆಳಖಾನೆಯಲ್ಲಿ ಸೀರೆಗಳು ಈಗಲೂ ಹಾಗೇ ಇದ್ದವು. ಅವುಗಳ ಅಡಿಯಿಂದ ಸಂಚಿಕೆಯನ್ನು ಎಳೆದು ಬೆಳಕಿಗೆ ಹಿಡಿದರು. ಮುಖಪುಟದ ಮೇಲೆ ಶಾಲೆಯ ಲಾಂಛನ, ಅದರ ಕೆಳಗೆ ದಪ್ಪ ಅಂಕಿಗಳಲ್ಲಿ ಇಸವಿ. ಆ ನಾಲ್ಕು ಅಂಕಿಗಳನ್ನು ನೋಡುತ್ತ ಅವರು ನಿಂತರು. ಇದನ್ನು ಕೊಟ್ಟರೆ ಹುಡುಗಿಯ ಮೇಲಿನ ಆರೋಪ ಹೋಗುತ್ತದೆ. ಇದನ್ನು ಕೊಟ್ಟರೆ ಅವಳು ಕಳೆಯುವ ಲೆಕ್ಕ ಮಾಡುತ್ತಾಳೆ. ಮೇಷ್ಟ್ರ ಹೆಂಡತಿ, ಅವಳ ಬಾಯಲ್ಲಿ ಅಜ್ಜಿ, ತೀರಿಕೊಂಡಾಗ ಅವಳಿಗೆ ಹತ್ತು ವರ್ಷ. ಅಜ್ಜಿ ದಿನಾ ಮಧ್ಯಾಹ್ನ ಕೆಳಗಿನ ಅಂಗಡಿಗೆ ಹೋಗಿ ಕೂತು ರವಿಕೆಗಳಿಗೆ ಕೊಕ್ಕೆ ಹೊಲಿದುಕೊಡುತ್ತಿದ್ದುದನ್ನು, ಬಾಯಿಯಲ್ಲಿ ಸೂಜಿ ಕಚ್ಚಿಕೊಂಡೇ ಕತೆ ಹೇಳುತ್ತಿದ್ದುದನ್ನು ಅವಳು ನೋಡಿ ಬೆಳೆದಿದ್ದಾಳೆ. ಅಳತೆ ತೆಗೆಯುವಾಗ ಆಳು ಎದುರಿಗೇ ನಿಂತಿತ್ತೆಂದು ಅವಳಿಗೆ ತಿಳಿಯುತ್ತದೆ. ತಿಳಿದ ಮೇಲೆ ಈ ಮೆಟ್ಟಿಲನ್ನು ಯಾಕೆ ಹತ್ತಬೇಕು? ಮೇಷ್ಟ್ರು ಮುಖಪುಟವನ್ನು ಹರಿಯಲು ಉಗುರಿನಿಂದ ಮೂಲೆ ಎತ್ತಿದರು. ಹೆಂಡತಿಯ ಸೀರೆಯ ಅಡಿ ಮೂವತ್ತಾರು ವರ್ಷ ಹರಿಯದೆ ಉಳಿದದ್ದು ಅದು, ಉಗುರು ಹಿಂದೆ ಸರಿಯಿತು. ಹಾಗಾಗಿ, ಪ್ರತಿ ವರ್ಷ ಶಾಲೆ ತೆರೆದಾಗ ನೂರಾರು ಮಕ್ಕಳಿಗೆ ಹೇಳಿಕೊಟ್ಟ ಕೆಲಸವನ್ನೇ ಮಾಡಿದರು. ಹಳೆಯ ದಿನಪತ್ರಿಕೆಯ ಹಾಳೆಯೊಂದನ್ನು ತೆಗೆದು, ಮೂಲೆಗಳನ್ನು ಒಳಕ್ಕೆ ಮಡಿಸಿ, ಸಂಚಿಕೆಗೆ ಅಚ್ಚುಕಟ್ಟಾಗಿ ಬೈಂಡು ಹಾಕಿದರು. ಇಸವಿ ಮುಚ್ಚಿಹೋಯಿತು. ಎಪ್ಪತ್ತೆರಡು ವರ್ಷದ ಕೈಗಳು ಆ ಮಡಿಕೆಯನ್ನು ಉಗುರಿನಿಂದ ಗೀರಿ ಗಟ್ಟಿಮಾಡುವುದನ್ನು ಅವರು ಬೇರೆ ಯಾರದೋ ಕೈಗಳನ್ನು ನೋಡುವಂತೆ ನೋಡಿದರು.

ಹೊರಗೆ ಬಂದು, ಇಪ್ಪತ್ತೇಳನೆಯ ಪುಟ ಎಂದಷ್ಟೇ ಹೇಳಿ ಕೊಟ್ಟರು. ಹುಡುಗಿ ಪುಟ ತೆಗೆದಳು. ಕವಿತೆ ಇತ್ತು; ಕವಿತೆಯ ಕೆಳಗೆ ಹೆಸರು, ಹೆಸರಿನ ಕೆಳಗೆ 'ಸಹ ಶಿಕ್ಷಕರು' ಎಂದಿತ್ತು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಬೆರಳನ್ನು ಹೆಸರಿನ ಮೇಲೆ ಇಟ್ಟಳು. ಆಮೇಲೆ ಸಂಚಿಕೆಯನ್ನು ಮುಚ್ಚಿ, ತಿರುಗಿಸಿ, ದಿನಪತ್ರಿಕೆಯ ಬೈಂಡಿನ ಒಂದು ಮೂಲೆಯನ್ನು ಬಿಡಿಸಿದಳು, ಇನ್ನೊಂದನ್ನು ಬಿಡಿಸಿದಳು. ಸಿಟ್ಟಿನಿಂದಲ್ಲ, ತಾಯಿ ತಪ್ಪಾಗಿ ಬಿದ್ದ ಹೊಲಿಗೆಯನ್ನು ಬಟ್ಟೆಗೆ ನೋವಾಗದ ಹಾಗೆ ಬಿಚ್ಚುತ್ತಾಳಲ್ಲ, ಹಾಗೆ. ಇಸವಿ ಕಂಡಿತು. ಅವಳ ತುಟಿ ಲೆಕ್ಕಕ್ಕೆ ಅಲುಗಲೂ ಇಲ್ಲ.

"ನಿನಗೆ ಗೊತ್ತಿತ್ತಾ?" ಎಂದರು ಮೇಷ್ಟ್ರು.

"ನೀವು ಆ ಹನ್ನೊಂದು ವಾಕ್ಯ ಬರೆದುಕೊಟ್ಟ ದಿನವೇ. ಕಾಮಾ ನೋಡಿ."

"ಮತ್ತೆ ಟೀಚರ್ ಕೇಳಿದಾಗ ಯಾಕೆ ಹೇಳಲಿಲ್ಲ?"

"ನೀವು ನನಗೇ ಹೇಳಿರಲಿಲ್ವಲ್ಲ ಅಜ್ಜ."

ಕೆಳಗೆ ಯಂತ್ರ ನಿಂತಿತು, ದಾರ ಮುಗಿದಿರಬೇಕು. ಆ ನಿಲುಗಡೆಯಲ್ಲಿ ಮೇಷ್ಟ್ರಿಗೆ ತಮ್ಮ ಉಸಿರಿನ ಸದ್ದು ಕೇಳಿಸಿತು. ಅವರು ಕೂತರು. ನೀನು ಬರೆದದ್ದು ಸರಿಯಿತ್ತು, ಎಂದರು. ಹೇಳಿದ ಮೇಲೆ ಅದು ತೀರ ಚಿಕ್ಕ ಮಾತೆನಿಸಿತು. ಒಂದು ವಾರ ತಡವಾಗಿ ಬಂದದ್ದರಿಂದ ಇನ್ನೂ ಚಿಕ್ಕದಾಗಿತ್ತು. ಅಜ್ಜಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ, ಮಳೆಯ ಪದ್ಯ ಎಂದು ಹೇಳಿದ್ದೆ, ಎಂದು ಸೇರಿಸಿದರು. ತಪ್ಪೊಪ್ಪಿಗೆಯಲ್ಲೂ ಒಂದು ಸಮಾಧಾನವನ್ನು ಹುಡುಕುತ್ತಿದ್ದರು. ನೋವಾಗಬೇಕಾದವಳಿಗೆ ನೋವಾಗಲಿಲ್ಲವೆಂಬ ಸಮಾಧಾನ.

ಹುಡುಗಿ ದಿನಪತ್ರಿಕೆಯ ಹಾಳೆಯನ್ನು ಮಡಿಕೆಯ ಗುರುತಿನಲ್ಲೇ ಮಡಿಸುತ್ತಿದ್ದಳು. ಹೇಳಲೋ ಬೇಡವೋ ಎಂದು ತೂಗುತ್ತಿದ್ದವಳಂತೆ ಒಂದು ಕ್ಷಣ ನಿಲ್ಲಿಸಿದಳು. ನಿನ್ನೆ ಸಂಜೆ ಚೀಟಿ ಬಂದಾಗ ತಾಯಿಗೆ ಪದ್ಯದ ಅರ್ಥವನ್ನು ಬಿಡಿಸಿ ಹೇಳಿದಳಂತೆ. ಬಾಚಣಿಗೆ, ಬಟ್ಟಲು ಎನ್ನುತ್ತಿದ್ದ ಹಾಗೇ ತಾಯಿ ಕತ್ತರಿ ಕೆಳಗಿಟ್ಟು, ಇದು ಅದೇ ಅಲ್ಲವೇ ಎಂದಳಂತೆ. ಇಪ್ಪತ್ತಾರು ವರ್ಷದ ಹಿಂದೆ, ಹುಡುಗಿ ಇನ್ನೂ ಹುಟ್ಟಿರದ ಕಾಲದಲ್ಲಿ, ಒಂದು ಮಧ್ಯಾಹ್ನ ಅಜ್ಜಿ ಈ ಸಂಚಿಕೆಯನ್ನು ರವಿಕೆ ಬಟ್ಟೆಗಳ ನಡುವೆ ಮುಚ್ಚಿಕೊಂಡು ಅಂಗಡಿಗೆ ತಂದಿದ್ದರು. ಹುಡುಗಿಯ ತಂದೆಗೆ ಇಂಗ್ಲಿಷ್ ಬರುತ್ತಿತ್ತು, ಅವರಿಂದ ಓದಿಸಿ ಅರ್ಥ ಕೇಳಿದ್ದರು. ತಂದೆ ಮೊದಮೊದಲು ತಡವರಿಸಿದರು. ಪರವಾಗಿಲ್ಲ, ಇರೋದನ್ನ ಇದ್ದ ಹಾಗೆ ಹೇಳಪ್ಪ, ಎಂದು ಅಜ್ಜಿ ಕೂತರು.

"ನೊಂದ್ಕೊಂಡಳಾ?" ಮೇಷ್ಟ್ರ ದನಿ ಮೇಜಿನ ಆಚೆಯವರೆಗೂ ಹೋಗಲಿಲ್ಲ, ಅವಳು ತುಟಿ ನೋಡಿ ತಿಳಿದುಕೊಂಡಳು.

"ನಕ್ಕರಂತೆ. ಕಣ್ಣಲ್ಲಿ ನೀರು ಬರೋವರೆಗೂ. 'ಸತ್ತ ಮೇಲೆ ನಾನು ಎಷ್ಟು ಚೆನ್ನಾಗಿದೀನಿ ನೋಡ್ರಪ್ಪ, ಇದ್ದಾಗ ಒಂದು ದಿನಾನೂ ಬಟ್ಟಲು ನೋಡಿದ ಮನುಷ್ಯ ಅಲ್ಲ' ಅಂದ್ರಂತೆ. ಆಮೇಲೆ ಕೊಕ್ಕೆ ಹೊಲಿದ್ರಂತೆ. ಅವತ್ತು ಎಲ್ಲ ಕೊಕ್ಕೇನೂ ಉಲ್ಟಾ ಹೊಲಿದಿದ್ರು, ನಾನೇ ಬಿಚ್ಚಿ ಹಾಕಿದೆ ಅಂತ ಅಮ್ಮ ಹೇಳಿದ್ಲು."

ಮೇಷ್ಟ್ರು ಮೇಜನ್ನು ನೋಡುತ್ತಿದ್ದರು. ಇಪ್ಪತ್ತು ವರ್ಷ ಆ ಹೆಂಗಸು ಸಂಜೆ ಮೆಟ್ಟಿಲು ಹತ್ತಿ ಬಂದು, ಬಾಗಿಲ ಬಳಿ ಮೊಣಕಾಲು ಹಿಡಿದುಕೊಂಡು ನಿಂತು, ತನ್ನನ್ನು ಕೊಂದವನಿಗೆ ಚಹಾ ಮಾಡಿಕೊಟ್ಟಿದ್ದಳು. ಮಳೆ ಬಂದಾಗಲೆಲ್ಲ, 'ನಿಮ್ಮ ಪದ್ಯ ಬಂತು' ಎಂದು ಕಿಟಕಿ ಮುಚ್ಚುತ್ತಿದ್ದಳು. ಅದನ್ನು ಅವರು ಅಭಿಮಾನವೆಂದು ತಿಳಿದಿದ್ದರು. ಎಷ್ಟು ಮಳೆಗಾಲ ಅವಳು ಬಾಗಿಲು ತೆರೆದಿಟ್ಟು ಕಾದಿದ್ದಳು, ಅವರಾಗಿಯೇ ಹೇಳಲಿ ಎಂದು. ಈ ಹುಡುಗಿಯೂ ಒಂದು ವಾರ ಕಾದಿದ್ದಳು. ಹೆಂಗಸರಿಗೆ ಕಾಯುವುದು ಗೊತ್ತಿತ್ತು. ತಮಗೆ ಗೊತ್ತಿದ್ದುದು ಕಾಯುತ್ತಿರುವಂತೆ ಕಾಣದ ಹಾಗೆ ಕುರ್ಚಿ ಇಡುವುದೊಂದೇ.

ಹುಡುಗಿ ಸಂಚಿಕೆಯನ್ನು ಬ್ಯಾಗಿಗೆ ಹಾಕಿಕೊಳ್ಳಲೇ ಎಂದು ಕೇಳಿದಳು, ಹಾಕಿಕೋ ಎಂದರು. ಒಂದು ಬಿಳಿಯ ಹಾಳೆ ತೆಗೆದು, ಈ ಕವಿತೆ ನನ್ನದು, ಇದನ್ನು ಕುರಿತ ಪ್ಯಾರಾವನ್ನೂ ನಾನೇ ಬರೆದುಕೊಟ್ಟೆ, ವಿದ್ಯಾರ್ಥಿನಿ ಬರೆದಿದ್ದ ಪ್ಯಾರಾ ಇದಕ್ಕಿಂತ ಉತ್ತಮವಾಗಿತ್ತು, ಅದನ್ನು ಹೊಡೆದುಹಾಕಿದ್ದು ನನ್ನ ತಪ್ಪು, ಎಂದು ನಾಲ್ಕು ಸಾಲು ಬರೆದು ಸಹಿ ಮಾಡಿದರು. ಬರೆಯುವಾಗ ಪೆನ್ನು ಎರಡು ಕಡೆ ಕಾಮಾದ ಹಳೆಯ ಅಭ್ಯಾಸದಿಂದ ತಡೆದು ನಿಂತಿತು. ಅವರು ಅದನ್ನು ಮುಂದಕ್ಕೆ ನೂಕಿದರು. ಹುಡುಗಿ ಓದಿ, ಒಣಗಲೆಂದು ಗಾಳಿಯಾಡಿಸಿ, ಅದನ್ನೂ ಒಳಗಿಟ್ಟಳು. ಆಮೇಲೆ ನೆಲ ನೋಡುತ್ತ ಹೇಳಿದಳು, ಮೂಲ ಸಿಕ್ಕರೂ ಪ್ರಬಂಧವನ್ನು ಹೊಸದಾಗಿ ಬರೆಯಬೇಕಂತೆ, ಸೋಮವಾರ ಟೀಚರ ಎದುರಿಗೇ ಕೂತು. ಪರೀಕ್ಷೆ ಮುಗಿಯುವವರೆಗೆ ಹೊರಗಿನವರ ಸಹಾಯ ಪಡೆಯುವುದಿಲ್ಲ ಎಂದು ಫಾರಮ್ಮಿಗೆ ಸಹಿ ಹಾಕಿಸಿಕೊಂಡಿದ್ದಾರೆ.

"ಹೊರಗಿನವರು ಅನ್ನೋದು ಅವರ ಫಾರಮ್ಮಲ್ಲಿ ಇರೋ ಮಾತು. ನಂದಲ್ಲ" ಎಂದಳು.

ಗೊತ್ತು ಎಂದರು ಮೇಷ್ಟ್ರು. ಪರೀಕ್ಷೆ ಮುಗಿದ ಮೇಲೆ ಎಂದು ಒಂದು ವಾಕ್ಯವನ್ನು ಒಳಗೇ ಆರಂಭಿಸಿದರು. ಅದು ಕ್ರಿಯಾಪದದವರೆಗೂ ಬರಲಿಲ್ಲ. ಪರೀಕ್ಷೆ ಮುಗಿದರೆ ಪ್ರಬಂಧವೂ ಇರುವುದಿಲ್ಲ. ಅವಳು ಎದ್ದಳು. ಎದ್ದವಳು ಹೊರಡದೆ, ಅವರಿಂದ ಇನ್ನೇನೋ ಬರಬೇಕಾಗಿದೆ ಎಂಬಂತೆ ಕುರ್ಚಿಯ ಬೆನ್ನು ಹಿಡಿದು ನಿಂತಳು. ಆಗ ಮೇಷ್ಟ್ರು, ಯಾವ ಉಪಮೆಯನ್ನೂ ಹುಡುಕದೆ, ಕಿಟಕಿಯ ಕಡೆ ತಿರುಗದೆ, ಅವಳ ಮುಖ ನೋಡಿಕೊಂಡೇ ಹೇಳಿದರು:

"ಅವಳು ಹೋದಾಗ ನಾನು ಅಳಲಿಲ್ಲ ಮಗು. ಮಂಚದ ಹತ್ರ ನಿಂತು ಆ ಪದ್ಯದ ಒಂದು ಕಾಮಾ ತಿದ್ದುತಾ ಇದ್ದೆ."

ಹುಡುಗಿ ಕೇಳಿಸಿಕೊಂಡಳು. ಪರವಾಗಿಲ್ಲ ಎನ್ನಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಹೆಗಲಿನಿಂದ ಜಾರುತ್ತಿದ್ದ ಬ್ಯಾಗಿನ ಪಟ್ಟಿಯನ್ನು ಸರಿಮಾಡಿಕೊಂಡಳು. ಕುರ್ಚಿಯ ಬೆನ್ನಿನ ಮೇಲಿದ್ದ ಕೈ ಒಮ್ಮೆ ಬಿಗಿಯಾಗಿ ಸಡಿಲಾಯಿತು.

"ನಾನು ಹೋಗಲಾ ಅಜ್ಜ?"

"ಹೋಗು."

ಅವಳು ಚಪ್ಪಲಿ ಮೆಟ್ಟಿಕೊಂಡಳು, ಒಂದರ ಪಟ್ಟಿ ಸಿಕ್ಕಲಿಲ್ಲ, ಬಾಗಿ ಸರಿಮಾಡಿಕೊಂಡಳು. ಹೊರಗೆ ಕಾಲಿಟ್ಟು, ಒಳಗೆ ನಿದ್ದೆ ಮಾಡುತ್ತಿರುವವರು ಯಾರೋ ಇದ್ದಾರೆಂಬಂತೆ, ಚಿಲಕ ಸದ್ದಾಗದ ಹಾಗೆ ಬಾಗಿಲೆಳೆದುಕೊಂಡು ಹೋದಳು.